ಗಲಾಟೆ ಎಂದವರು ಯಾರು?

(ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕನ್ನಡಿಗ ಗೆಳೆಯರು ಸೇರಿದ್ದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಇಂದಿನ ನನ್ನ ಮಾತಿಗೆ ಕಾರಣಳಾದವಳು ಈ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳಿಗೆ 17 ವರ್ಷ. ಅವಳ ಒಪ್ಪಿಗೆ ಪಡೆದೇ ಈ ಪ್ರಸಂಗವನ್ನು ಹೇಳುತ್ತಿದ್ದೇನೆ. ಕೆಲವು ತಿಂಗಳ ಹಿಂದೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಒಳಗಿನ ಕೋಣೆಯಿಂದ ಗೋಡೆ ಅದುರುವಂಥ ಸದ್ದು ಬರುತ್ತಿತ್ತು. "ಆ ಗಲಾಟೆ ನಿಲ್ಲಿಸೇ, ಮಾಮ ಬಂದಿದ್ದಾರೆ" ಎಂದು ತಾಯಿ ಕೂಗಿದರು. ಸದ್ದು ನಿಂತಿತು. ಅವಳು ಹೊರಗೆ ಬಂದು ನನ್ನನ್ನೇ ಕೇಳಿದಳು: "ಮಾಮ, ಇದು ಗಲಾಟೆ ಅಂತ ತೀರ್ಮಾನ ಮಾಡೋದು ಯಾರು?"

ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಂಡ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅವಳು ಕೇಳುವ ಹಾಡುಗಳನ್ನು ನಾನೂ ಕೇಳುತ್ತ ಬಂದಿದ್ದೇನೆ. ಇಂದು ಹೇಳುವುದರಲ್ಲಿ ಅರ್ಧದಷ್ಟು ಅವಳಿಂದಲೇ ಕಲಿತದ್ದು.

ಅವಳು ಹೇಳಿದ ಮೊದಲ ಕತೆ ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮಿನದು. ಟೋನಿ ಅಯೋಮಿ ಎಂಬ ಹುಡುಗ ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಅವನಿಗೂ ಆಗ 17 ವರ್ಷ. ಕೆಲಸ ಬಿಡುವ ಕಡೆಯ ದಿನವೇ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಎಡಗೈಯಿಂದ ಮೀಟುವ ಅವನಿಗೆ ತಂತಿ ಒತ್ತಲು ಬೇಕಾದದ್ದು ಅದೇ ಬೆರಳುಗಳು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೇ ಇಳಿಸಿದ. ಬ್ಲ್ಯಾಕ್ ಸಬ್ಬತ್ ತಂಡದ ಆ ಭಾರವಾದ, ಮಂದ್ರದ ನಾದಕ್ಕೆ ಈ ಗಾಯವೂ ಒಂದು ಕಾರಣ. ಅದೇ ತಂಡದ ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಾರಿನ ಹಾರ್ನುಗಳ ಸ್ವರ ಹೊಂದಿಸುವ ಕೆಲಸ ಮಾಡಿದವನು. ಹೆವಿ ಮೆಟಲ್ ಎಂಬ ಸಂಗೀತ ಶ್ರೀಮಂತರ ಮಕ್ಕಳ ಹುಚ್ಚಾಟವಾಗಿ ಹುಟ್ಟಲಿಲ್ಲ. ದಿನವಿಡೀ ಯಂತ್ರದ ಸದ್ದು ಕೇಳಿ ಬಂದವರು ಅದನ್ನೇ ಸಂಜೆ ತಮ್ಮ ನಾದವನ್ನಾಗಿ ಪಳಗಿಸಿಕೊಂಡರು.

ಈ ಕತೆಯನ್ನು ಇಲ್ಲಿ, ಇಂಡಸ್ಟ್ರಿಯಲ್ ಏರಿಯಾದಲ್ಲಿ ನಿಂತು ಹೇಳುವುದಕ್ಕೆ ಅರ್ಥವಿದೆ. ಬೆಳಗಿನ ಹೊತ್ತು ಲುಂಗಾ ಲುಂಗಾ ರಸ್ತೆಯಲ್ಲಿ ಮುಕುರು ಕೊಳೆಗೇರಿಗಳಿಂದ ಕಾರ್ಖಾನೆಗಳತ್ತ ನಡೆದುಬರುವ ಜನರನ್ನು ನೀವೆಲ್ಲ ಕಾರಿನ ಕಿಟಕಿಯಿಂದ ನೋಡಿದ್ದೀರಿ. ಇಲ್ಲಿನ ಎಷ್ಟೋ ಕಾರ್ಖಾನೆಗಳ ಒಡೆತನ ಭಾರತೀಯ ಮೂಲದವರದು. ಅವುಗಳ ಲೆಕ್ಕ ಬರೆಯುವವರು, ಯಂತ್ರ ನೋಡಿಕೊಳ್ಳುವವರು, ಮ್ಯಾನೇಜರುಗಳು ನಮ್ಮಂಥವರು. ಈ ಪ್ರದೇಶದ ಉಗ್ರಾಣಗಳಿಗೆ ಎಲ್ಲರೂ ಹೇಳುವ ಹೆಸರು ಗೋಡೌನ್. ನಿಘಂಟುಕಾರರು ಆ ಪದದ ಜಾಡನ್ನು ಮಲಯ ಭಾಷೆಯ ಮೂಲಕ ತೆಲುಗಿನ ಗಿಡ್ಡಂಗಿ, ತಮಿಳಿನ ಕಿಡಂಗುಗಳವರೆಗೆ ಹಿಡಿದಿದ್ದಾರೆ. ನಮ್ಮ ಕಡೆಯ ಸರಕಿನೊಂದಿಗೆ ಕಡಲಿಗಿಳಿದ ಮಾತು ಅದು.

2003ರಲ್ಲಿ ಇಲ್ಲೇ ಡುಂಗಾ ರಸ್ತೆಯಲ್ಲಿ ಅಂಥದೊಂದು ಹಳೆಯ ಗೋಡೌನು ಕಲಾಕೇಂದ್ರವಾಯಿತು. ಅದರ ಹೆಸರೂ ಗೋಡೌನ್ ಆರ್ಟ್ಸ್ ಸೆಂಟರ್. ಚಿತ್ರಕಾರರು, ನರ್ತಕರು, ಸಂಗೀತಗಾರರು ಒಂದೇ ಸೂರಿನಡಿ ಸೇರಿದರು. 2007ರಲ್ಲಿ ತಬು ಒಸುಸಾ ಅವರು ಕಟ್ಟಿದ ಕೆಟೆಬುಲ್ ಮ್ಯೂಸಿಕ್ ಅಲ್ಲಿ ನೆಲೆಯೂರಿ, ಮರೆತುಹೋಗುತ್ತಿದ್ದ ಬೆಂಗಾ ಕಲಾವಿದರನ್ನೂ ಪ್ರತಿಭಟನೆಯ ಹಾಡುಗಾರರನ್ನೂ ಹುಡುಕಿ ದಾಖಲಿಸಿತು. ನಾನು ಆ ರಸ್ತೆಯಲ್ಲಿ ಅನೇಕ ಬಾರಿ ಓಡಾಡಿದ್ದೆ. ಆ ಬಾಗಿಲನ್ನು ಒಮ್ಮೆಯೂ ತಳ್ಳಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ತಳ್ಳಿದ್ದೀರಿ ಎಂದು ಕೇಳಿ ಮುಜುಗರಪಡಿಸುವುದಿಲ್ಲ.

ಈ ದೇಶದ ಹಾಡಿಗೂ ಭಾರತೀಯರಿಗೂ ಸಂಬಂಧವೇ ಇರಲಿಲ್ಲವೆಂದಲ್ಲ. ಕೆರಿಚೋದಲ್ಲಿ ಚಂದರಾಣಾ, ಮೊಂಬಾಸಾದಲ್ಲಿ ಅಸಾನಂದ್, ನೈರೋಬಿಯಲ್ಲಿ ಮೆಲೋಡಿಕಾ: ಇವೆಲ್ಲ ಭಾರತೀಯ ಮೂಲದ ಕುಟುಂಬಗಳು ನಡೆಸಿದ ಸಂಗೀತದ ಅಂಗಡಿಗಳು, ಧ್ವನಿಮುದ್ರಣದ ಸಂಸ್ಥೆಗಳು. ಇವರಿಲ್ಲದಿದ್ದರೆ ಇಲ್ಲಿನ ಎಷ್ಟೋ ಹಾಡುಗಳು ತಟ್ಟೆಗೆ ಏರುತ್ತಲೇ ಇರಲಿಲ್ಲ. ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಮೇಲೆ ಬಿಳಿಯ, ನಡುವೆ ಏಷ್ಯನ್, ಕೆಳಗೆ ಆಫ್ರಿಕನ್ ಎಂದು ವಸಾಹತು ಆಡಳಿತ ನಿಲ್ಲಿಸಿದ ಏಣಿಯಲ್ಲಿ ನಮ್ಮ ಬಹುಪಾಲು ಜನ ಈ ಹಾಡುಗಳನ್ನು ಮಾರಾಟದ ಗಲ್ಲಾಪೆಟ್ಟಿಗೆಯ ಆಚೆಯಿಂದ ಮಾತ್ರ ಕಂಡರು. ಮಾರಿದರು, ಮನೆಗೆ ಒಯ್ದು ಕೇಳಲಿಲ್ಲ. ಪೂರ್ವ ಆಫ್ರಿಕದಲ್ಲಿ ಹುಟ್ಟಿ ಜಗತ್ತಿನ ಅತಿದೊಡ್ಡ ರಾಕ್ ತಾರೆಯಾದ ಒಬ್ಬ ಪಾರ್ಸಿ ಹುಡುಗನೂ ಇದ್ದ. ಜಂಜಿಬಾರಿನ ಫಾರೂಖ್ ಬುಲ್ಸಾರಾ, ಪಂಚಗಣಿಯಲ್ಲಿ ಓದಿ, 1964ರ ಕ್ರಾಂತಿಯಲ್ಲಿ ಕುಟುಂಬದೊಡನೆ ಇಂಗ್ಲೆಂಡಿಗೆ ಹೋಗಿ, ಫ್ರೆಡ್ಡಿ ಮರ್ಕ್ಯುರಿ ಆದ. ಆ ಹೊಸ ಹೆಸರಿನಲ್ಲಿ ಜಂಜಿಬಾರೂ ಇಲ್ಲ, ಪಂಚಗಣಿಯೂ ಇಲ್ಲ.

ಇನ್ನು ಗಲಾಟೆಯ ಪ್ರಶ್ನೆಗೆ ಬರೋಣ. 1930ರ ಸುಮಾರಿಗೆ ಕಿಕುಯು ಯುವಜನರು ಮಿಷನರಿಗಳನ್ನು ಗೇಲಿ ಮಾಡುತ್ತ ಕುಣಿದು ಹಾಡುತ್ತಿದ್ದ ಮುಥಿರಿಗು ಹಾಡನ್ನು ವಸಾಹತು ಸರ್ಕಾರ ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೂ ಹಾಡಿನ ಭಯ ಹೋಗಲಿಲ್ಲ. 1975ರಲ್ಲಿ ರಾಜಕಾರಣಿ ಜೆ. ಎಂ. ಕರಿಯುಕಿಯ ಹತ್ಯೆಯಾದಾಗ ಅದರ ಬಗ್ಗೆ ಹಾಡಿದ ಜೋಸೆಫ್ ಕಮಾರು ಅಧಿಕಾರಸ್ಥರ ಕಣ್ಣಿಗೆ ಮುಳ್ಳಾದರು. ನಮ್ಮ ಹುಡುಗಿ ಕೇಳುವ ತಂಡಗಳು ಈ ಸಾಲಿಗೇ ಸೇರಿದವು. ನೈರೋಬಿಯ ಪಂಕ್ ತಂಡ ಕ್ರಿಸ್ಟಲ್ ಆಕ್ಸಿಸ್, ಮೋಯಿ ಆಡಳಿತದಲ್ಲಿ ವಿರೋಧಿಗಳನ್ನು ಚಿತ್ರಹಿಂಸೆಗೆ ಗುರಿಮಾಡಿದ ನ್ಯಾಯೋ ಹೌಸ್ ಕಟ್ಟಡದ ಹೆಸರಿನಲ್ಲೇ ಹಾಡು ಕಟ್ಟಿದೆ. ಅಂದು ಕೋಣೆಯಿಂದ ಕೇಳಿಬಂದದ್ದು ಡುಮಾ. ಕಿಕುಯುವಿನಲ್ಲಿ ಕತ್ತಲೆ ಎಂದರ್ಥ. 2020ರಲ್ಲಿ ಇವರ ಆಲ್ಬಮನ್ನು ಹೊರತಂದದ್ದು ಲಂಡನ್ನಿನ ಕಂಪನಿಯಲ್ಲ, ಕಂಪಾಲದ ನ್ಯೆಗೆ ನ್ಯೆಗೆ ಟೇಪ್ಸ್. ಅದರಲ್ಲಿ ಅರಚುವ ಯುವಕ ಈಗ ಲಾರ್ಡ್ ಸ್ಪೈಕ್‌ಹಾರ್ಟ್ ಎಂಬ ಹೆಸರಿನಿಂದ ಹಾಡುತ್ತಾನೆ. ಮೌ ಮೌ ಹೋರಾಟದಲ್ಲಿ ಫೀಲ್ಡ್ ಮಾರ್ಷಲ್ ಆಗಿದ್ದ ಮುಥೋನಿ ವಾ ಕಿರಿಮಾ ಅವನ ಮುತ್ತಜ್ಜಿ. ಇದನ್ನು ತಿಳಿದ ಮೇಲೆ ಆ ಅರಚಾಟ ನನಗೆ ಬೇರೆಯಾಗಿ ಕೇಳಿಸಿತು. 2024ರ ಜೂನ್ 25ರಂದು ಹಣಕಾಸು ಮಸೂದೆಯ ವಿರುದ್ಧ ಸಂಸತ್ತಿನವರೆಗೆ ನುಗ್ಗಿದವರು ಇದೇ ವಯಸ್ಸಿನವರು. ಅಂದು ನಮ್ಮಲ್ಲಿ ಬಹುತೇಕರು ಗೇಟು ಹಾಕಿಕೊಂಡು ಟಿವಿ ನೋಡುತ್ತಿದ್ದೆವು, ನಾನೂ ಅವರಲ್ಲೊಬ್ಬ.

ಕೆಲವು ಪ್ರಗತಿಪರ ಗೆಳೆಯರ ಆಕ್ಷೇಪ ನನಗೆ ಗೊತ್ತು, ಏಕೆಂದರೆ ವಿದ್ಯಾರ್ಥಿಯಾಗಿದ್ದಾಗ ನಾನೂ ಅದನ್ನೇ ಹೇಳುತ್ತಿದ್ದೆ: ರಾಕ್ ಎಂದರೆ ಅಮೆರಿಕದ ಸಾಂಸ್ಕೃತಿಕ ಸಾಮ್ರಾಜ್ಯಶಾಹಿ, ಬಂಡಾಯವನ್ನು ಮಾರುಕಟ್ಟೆ ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತದೆ. ಆಕ್ಷೇಪದಲ್ಲಿ ಸತ್ಯವಿದೆ. ಇದನ್ನು ಹೇಳಿದಾಗ ಅವಳು ನಕ್ಕು, ತಾನು ತೊಟ್ಟಿದ್ದ ತಂಡದ ಅಂಗಿ ತೋರಿಸಿದಳು. ಅದನ್ನು ಕೊಂಡದ್ದು ಗಿಕೊಂಬಾ ಸಂತೆಯಲ್ಲಿ, ಪರದೇಶದವರು ಉಟ್ಟು ಬಿಟ್ಟ ಮಿಟುಂಬಾ ಬಟ್ಟೆಗಳ ರಾಶಿಯಿಂದ. "ಮಾಮ, ಇದನ್ನ ಮಾರಿದವನಿಗೂ ಈ ಬ್ಯಾಂಡ್ ಗೊತ್ತಿಲ್ಲ, ಬಿಸಾಕಿದವನಿಗೂ ಬಹುಶಃ ಗೊತ್ತಿರಲಿಲ್ಲ. ನನಗೆ ಗೊತ್ತು" ಎಂದಳು. ಮಾರುಕಟ್ಟೆಯನ್ನು ಅವಳು ಅರಿಯಳೆಂದು ನಾವು ಭಾವಿಸಬೇಕಾಗಿಲ್ಲ. ರಾಕ್ ಬಿಳಿಯರದೆಂಬುದೂ ಅರ್ಧಸತ್ಯ. ಅದರ ಬೇರು ಕಪ್ಪು ಅಮೆರಿಕನ್ನರ ಬ್ಲೂಸ್‌ನಲ್ಲಿದೆ, ಸಿಸ್ಟರ್ ರೊಸೆಟ್ಟಾ ಥಾರ್ಪ್, ಚಕ್ ಬೆರಿಯರ ಗಿಟಾರಿನಲ್ಲಿದೆ.

ನಮ್ಮ ನಾಡಿನಲ್ಲೇ ತಮಟೆಯ ಕತೆ ಏನಿತ್ತು? ಸಾವಿನ ಮೆರವಣಿಗೆಗೆ, ಜಾತ್ರೆಗೆ ಅದು ಬೇಕಿತ್ತು. ಸಂಗೀತ ಕಛೇರಿಗೆ ಬೇಡವಾಗಿತ್ತು. ಬಡಿಯುವ ಕೈಯ ಜಾತಿಯೇ ಆ ನಾದವನ್ನು ಸದ್ದಿನ ಮಟ್ಟಕ್ಕೆ ಇಳಿಸಿತ್ತು. 1970ರ ದಶಕದಲ್ಲಿ ದಲಿತ ಚಳವಳಿ ಅದೇ ತಮಟೆಯನ್ನು ಬೀದಿಗೆ ತಂದಿತು. ಶ್ರೀರಾಮಪುರದ ಕೇರಿಯಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಕವಿತೆಗಳು ಅದರ ಜೊತೆ ಹಾಡಾದವು. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಯಿಂದ ಸುದ್ದಿ ಹಂಚಿಕೊಂಡೆವು. ತಮಟೆ ಬದಲಾಗಿರಲಿಲ್ಲ. ಕೇಳುವ ಕಿವಿ ಬದಲಾಗಿತ್ತು, ಅದೂ ತಾನಾಗಿ ಅಲ್ಲ, ಬಡಿದವರ ಹೋರಾಟದಿಂದ. ಸಮ್ಮೇಳನದ ವೇದಿಕೆಯಲ್ಲಿ ತಮಟೆಗೆ ಚಪ್ಪಾಳೆ ತಟ್ಟುವ ನಾವು ಮನೆಯಲ್ಲಿ ಮಗಳ ಕೋಣೆಯ ಮುಂದೆ ನಿಂತು "ಗಲಾಟೆ" ಎನ್ನುವಾಗ ಹಳೆಯ ಕಿವಿಯನ್ನೇ ಮತ್ತೆ ತೊಟ್ಟುಕೊಂಡಿರುತ್ತೇವೆ.

ಡುಮಾ ನಿಮಗೆ ಹಿಡಿಸಬೇಕೆಂದು ನಾನು ಹೇಳುತ್ತಿಲ್ಲ. ಪೂರ್ತಿ ಆಲ್ಬಮ್ ಕೇಳಿ ಮುಗಿಸಲು ನನಗೇ ಮೂರು ದಿನ ಬೇಕಾಯಿತು. ಕೇಳಿಕೊಳ್ಳುವುದು ಎರಡೇ. ಒಂದು, ಗಲಾಟೆ ಎನ್ನುವ ಮೊದಲು ಅದನ್ನು ಮಾಡುತ್ತಿರುವವರು ಯಾರು, ಏಕೆ ಎಂದು ಮಕ್ಕಳನ್ನು ಕೇಳೋಣ. ಎರಡು, ಈ ಸಲದ ರಾಜ್ಯೋತ್ಸವದ ವೇದಿಕೆಗೆ ಮುಕುರುವಿನ ಯುವಕರ ತಂಡವೊಂದನ್ನು ಕರೆಯೋಣ. ಊರಿನಿಂದ ಬರುವ ಗಾಯಕರಿಗೆ ಕೊಡುವಂತೆ ಅವರಿಗೂ ತಕ್ಕ ಸಂಭಾವನೆ ಕೊಡೋಣ. ಹಾಡು ಮುಗಿದ ಮೇಲೆ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂರಿಸೋಣ. ತಂಡವನ್ನು ಆರಿಸುವ ಹೊಣೆ ಕೊನೆಯ ಸಾಲಿನಲ್ಲಿ ಕುಳಿತಿರುವವಳಿಗಿರಲಿ.