ಅನಿಶ್ಚಿತ ಮಳೆ ಮತ್ತು ನಮ್ಮ ತೀರ್ಮಾನಗಳು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಹವಾಮಾನ ಬದಲಾವಣೆ ಎಂದರೆ ದೂರದ ಹಿಮಗಡ್ಡೆ ಕರಗುವ ಸುದ್ದಿಯಷ್ಟೇ ಅಲ್ಲ. ಸೂಡಿಯ ಸುತ್ತಲಿನ ಎರೆಹೊಲಗಳ ರೈತನ ಮುಂದೆ ಪ್ರತಿ ಜೂನ್‌ನಲ್ಲಿ ಅದೊಂದು ಪ್ರಶ್ನೆಯಾಗಿ ನಿಲ್ಲುತ್ತದೆ: ಮುಂಗಾರಿಗೆ ಹೆಸರು ಬಿತ್ತಬೇಕೋ, ಹೊಲವನ್ನು ಹಿಂಗಾರಿನ ಜೋಳ, ಕಡಲೆಗೆ ಕಾಯ್ದಿಡಬೇಕೋ? ಬೀಜ, ಗೊಬ್ಬರದ ಸಾಲವೂ ನಿಮ್ಮಲ್ಲಿ ಎಷ್ಟೋ ಜನರ ಕಾಲೇಜು ಶುಲ್ಕವೂ ಆ ಒಂದು ತೀರ್ಮಾನವನ್ನು ಅವಲಂಬಿಸಿರುತ್ತವೆ.

ನಮ್ಮ ಸೀಮೆಯ ವಾರ್ಷಿಕ ಮಳೆ ಸರಾಸರಿ ಸುಮಾರು 600 ಮಿ.ಮೀ. ಆದರೆ ಸರಾಸರಿಯನ್ನೇ ನಂಬಿ ಬದುಕಲಾಗದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು ಭಾಗದ ಊರುಗಳಿಗೆ ನೀರು ನುಗ್ಗಿತು. ನಾಲ್ಕೇ ವರ್ಷಗಳ ನಂತರ, 2023ರ ಬರದಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು.

ಭೂಮಿಯ ತಾಪ ಏರುತ್ತಿರುವುದರಲ್ಲಿ ಸಂದೇಹವಿಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದ್ದರಿಂದ ಮಳೆ ಬಂದಾಗ ಧಾರಾಕಾರವಾಗಿ ಸುರಿಯುವ ಸಂಭವ ಹೆಚ್ಚು. ಆದರೆ ಹತ್ತು ವರ್ಷಗಳ ನಂತರ ಒಂದು ತಾಲೂಕಿನಲ್ಲಿ ಯಾವ ವರ್ಷ ಎಷ್ಟು ಮಳೆ ಎಂಬುದನ್ನು ಯಾವ ಗಣಕಯಂತ್ರವೂ ಹೇಳಲಾರದು. ಹಾಗೆಂದು ಕೈಕಟ್ಟಿ ಕೂರುವುದೂ ಒಂದು ತೀರ್ಮಾನವೇ. ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಇಂಥ ಸ್ಥಿತಿಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು, ಮಳೆ ಹೆಚ್ಚಾದರೂ ಕಡಿಮೆಯಾದರೂ ಉಪಯೋಗಕ್ಕೆ ಬರುವ ಕೆಲಸ ಯಾವುದು? ಹೊಲಕ್ಕೆ ಒಡ್ಡು ಹಾಕಿದರೆ ಅತಿವೃಷ್ಟಿಯಲ್ಲಿ ಮಣ್ಣು ಉಳಿಯುತ್ತದೆ, ಬರದಲ್ಲಿ ತೇವ ಉಳಿಯುತ್ತದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳ ಉದ್ದೇಶವೂ ಹರಿದುಹೋಗುವ ನೀರನ್ನು ಹಿಡಿದು, ಪೈರು ಬಾಡುವಾಗ ಕೊಡುವುದೇ. ಚಾಲುಕ್ಯರ ಕಾಲದ ನಾಗಕುಂಡವನ್ನು ಕಂಡ ಸೂಡಿಯವರಿಗೆ ನೀರು ಕೂಡಿಡುವುದು ಹೊಸ ಪಾಠವಲ್ಲ.

ಎರಡು, ಎಲ್ಲವನ್ನೂ ಒಂದೇ ಪಣಕ್ಕೆ ಒಡ್ಡಿದ್ದೇವೆಯೇ? ಅಕ್ಕಡಿ ಬೆಳೆ ಹಾಕುವ ಪದ್ಧತಿಯಲ್ಲಿ ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲಿನ ಕಂತು ಮುಂಗಾರಿನ ಆಹಾರ ಬೆಳೆಗಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5 ಮಾತ್ರ. ಕೊನೆಯ ದಿನಾಂಕದೊಳಗೆ ಕಟ್ಟಿಸುವುದು ಮನೆಯ ವಿದ್ಯಾವಂತ ಮಕ್ಕಳ ಹೊಣೆ.

ಮೂರು, ತಪ್ಪಾದರೆ ತಿದ್ದಿಕೊಳ್ಳಬಹುದೇ? ಬೀಜದ ತಳಿಯನ್ನು ಮರುವರ್ಷ ಬದಲಿಸಬಹುದು. ಸಾಲ ಮಾಡಿ ಕೊರೆಸಿದ ಕೊಳವೆಬಾವಿ ಬತ್ತಿದರೆ ನೀರು ಹೋಗುತ್ತದೆ, ಸಾಲ ಉಳಿಯುತ್ತದೆ. ತಿದ್ದಲಾಗದ ತೀರ್ಮಾನಕ್ಕೆ ಹೆಚ್ಚು ಕಾಲ, ಹೆಚ್ಚು ವಿಚಾರಣೆ ಬೇಕು.

ವಿದ್ಯಾರ್ಥಿಗಳೆ, ನಿಮ್ಮ ಶಾಲೆಯಲ್ಲಿ ಒಂದು ಮಳೆಮಾಪಕವಿಟ್ಟು ದಿನವೂ ಬರೆದಿಡಿ. ಹಿರಿಯರ ರೋಹಿಣಿ, ಮೃಗಶಿರ, ಹಸ್ತ ಮಳೆಗಳ ಲೆಕ್ಕವನ್ನು ಅದರ ಪಕ್ಕದಲ್ಲಿ ದಾಖಲಿಸಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪ್ರಶ್ನೆ ಕೇಳಿ. ನಾಳಿನ ಮಳೆ ನಮ್ಮ ಕೈಯಲ್ಲಿಲ್ಲ. ಇಂದಿನ ಒಡ್ಡು ನಮ್ಮ ಕೈಯಲ್ಲಿದೆ.