ಡಾಕ್ಟರ ಚೀಟಿಯಲ್ಲಿ ಬರೆಯಲಾಗದ ಔಷಧಿ

(ಅರಸೀಕೆರೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ಪದ್ಯ ಓದು ಅಂತ ನನ್ನನ್ನು ಕರೆದಿರಿ. ಪದ್ಯ ಆಮೇಲೆ ಓದೋಣ. ಮೊದಲು ಒಬ್ಬ ಡಾಕ್ಟರ ಮಾತು ಹೇಳ್ತೀನಿ. ಅವರು ನಮ್ಮ ಕೇರಿಯಿಂದಲೇ ಬಂದವರು, ಇಂಥದೇ ಹಾಸ್ಟೆಲಿನಲ್ಲಿ ಅನ್ನದಲ್ಲಿ ಹುಳ ಆಯ್ದು ತಿಂದು ಓದಿದವರು. ಸರ್ಕಾರಿ ನೌಕರಿ, ಹೆಸರು ಬೇಡ ಅಂದಿದ್ದಾರೆ. ನಿಮ್ಮಲ್ಲಿ ಡಾಕ್ಟರಾಗಬೇಕು ಅನ್ನುವವರು ಇದ್ದೀರಿ, ಡಾಕ್ಟರಿಗೆ ನಾಲ್ಕು ಬಿಗೀಬೇಕು ಅನ್ನುವವರೂ ಇದ್ದೀರಿ. ಇಬ್ಬರೂ ಕೇಳಿ.

ಒಂದು ಸಲ ನಾನು ಅವರಿಗೆ ಕಾಠಿಯಾವಾಡದ ಆ ಮೇಷ್ಟ್ರ ಕತೆ ಹೇಳಿದೆ. 1929ರಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಬಂದದ್ದು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅದನ್ನು ಎತ್ತಿ ಕೊಟ್ಟಿದ್ದಾರೆ. ಅಸ್ಪೃಶ್ಯ ಮೇಷ್ಟ್ರ ಹೆಂಡತಿ, ಹಸಿ ಬಾಣಂತಿ, ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲ್ಲ ಅಂದ. ಎರಡು ರೂಪಾಯಿ ಫೀಜಿಗೆ ಊರ ದೊಡ್ಡವರು ಜಾಮೀನು ನಿಂತ ಮೇಲೆ ಬಂದ, ಅದೂ ಕೇರಿಯ ಹೊರಗೆ. ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನಿಗೆ ಕೊಟ್ಟ, ಅವನು ಮೇಷ್ಟ್ರಿಗೆ, ಮೇಷ್ಟ್ರು ಹೆಂಡತಿಗೆ. ಅದೇ ದಾರೀಲಿ ವಾಪಸ್ಸು. ದೀಪಕ್ಕೆ ಹಿಡಿದು ನೋಡಿ ನ್ಯುಮೋನಿಯಾ ಅಂದು ಹೊರಟುಹೋದ. ಆಕೆ ಉಳಿಯಲಿಲ್ಲ.

ಡಾಕ್ಟರಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಟ್ಟೋಕೆ ಹಿಂಜರಿಯೋರು ಈಗಲೂ ಇದ್ದಾರೆ ಕಣಯ್ಯ. ನಾನು ಮುಟ್ತೀನಿ. ಮುಟ್ಟಿದ ಮೇಲೆ ಏನು ಮಾಡಲಿ, ಅದು ಹೇಳು" ಅಂದರು.

ಅವರು ಹೇಳಿದ್ದು ಹೀಗೆ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಸಾಲು ನಿಂತಿರುತ್ತೆ. ಒಬ್ಬರಿಗೆ ಎರಡು ನಿಮಿಷ. ಮಂಡಿನೋವು, ಸೊಂಟನೋವು. ನಲವತ್ತರ ಆಳು ಎಂಬತ್ತರ ಮುದುಕನ ಹಾಗೆ ಬಾಗಿ ಬರ್ತಾನೆ. ಕತ್ತು ತಿರುಗಲ್ಲ, ಮೈಯನ್ನೇ ತಿರುಗಿಸಬೇಕು. 'ಒಂದು ಸೂಜಿ ಹಾಕಿ ಸ್ವಾಮಿ, ನಾಳೆ ಕೂಲಿಗೋಗ್ಬೇಕು' ಅಂತಾನೆ. ಹಾಕಿದರೆ ಎರಡು ದಿನ ನೋವು ಅಡಗುತ್ತೆ. ಮನೇಲಿ ಅದೇ ಬೋರಿನ ನೀರು, ಮತ್ತೆ ಬರ್ತಾನೆ. ನೋವಿನ ಮಾತ್ರೆ ತಿಂಗಳುಗಟ್ಟಲೆ ಕೊಟ್ಟರೆ ಹೊಟ್ಟೇಲಿ ಹುಣ್ಣು, ಕಿಡ್ನಿಗೂ ಪೆಟ್ಟು. ಕೊಡದಿದ್ದರೆ 'ಈ ಡಾಕ್ಟರ ಕೈಗುಣ ಸರಿಯಿಲ್ಲ' ಅಂತ ಸಾಲ ಮಾಡಿ ಪೇಟೆಗೆ ಹೋಗಿ ಸೂಜಿ ಹಾಕಿಸ್ಕೋತಾನೆ.

ಅದು ಫ್ಲೋರೈಡ್. ನಮ್ಮದು ಒಣ ಸೀಮೆ. ಕೆರೆ ಬತ್ತಿದಷ್ಟೂ ಬೋರು ಆಳಕ್ಕೆ ಇಳಿಯಿತು, ಆಳದ ಕಲ್ಲಿನೊಳಗಿನ ಫ್ಲೋರೈಡ್ ನೀರಿನಲ್ಲಿ ಕರಗಿ ಮೇಲೆ ಬಂತು. ಅರಸೀಕೆರೆ ತಾಲೂಕಿನ ಹಲವು ಊರುಗಳ ಬೋರಿನಲ್ಲಿ ಇದು ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಬಣ್ಣವಿಲ್ಲ, ವಾಸನೆಯಿಲ್ಲ. ಹಲ್ಲು ಬಲಿಯುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ. ಇದ್ದಿಲು ಹಾಕಿ ಉಜ್ಜಿದರೂ ಹೋಗಲ್ಲ. ನಿಮ್ಮಲ್ಲಿ ಕೆಲವರು ಬಾಯಿಗೆ ಕೈ ಅಡ್ಡ ಇಟ್ಟು ನಗ್ತೀರಿ, ನಾನು ನೋಡ್ತಾನೇ ಇದ್ದೀನಿ. 'ಹಲ್ಲುಜ್ಜದ ಜನ' ಅಂತ ಸ್ಕೂಲಲ್ಲಿ ನಮ್ಮನ್ನು ಹಂಗಿಸಿದರಲ್ಲ, ಅದು ಕೊಳೆ ಅಲ್ಲ. ಕೈ ತೆಗೆದು ನಗಿ.

ಭೇದಿ, ಕಾಮಾಲೆಗೆ ನೀರು ಕಾಯಿಸಿ ಕುಡೀರಿ ಅಂತ ಡಾಕ್ಟರೇ ಹೇಳೋದು. ಕಾಯಿಸಿದರೆ ರೋಗದ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚೇ ಆಗುತ್ತೆ. ಹಾಲು, ಕಾಳು, ಸೊಪ್ಪು ಕಾಣದ ಮೈಯನ್ನು ಅದು ಬೇಗ ಹಿಡಿಯುತ್ತೆ. ಹೀಗೆ ಒಮ್ಮೆ ಗಡುಸಾಗಿ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮಾತ್ರೆ ಯಾವ ದೇಶದಲ್ಲೂ ಇಲ್ಲ. "ಚೀಟಿ ಮೇಲೆ ಏನಂತ ಬರೀಲಿ? ಬೇರೆ ನೀರು, ದಿನಕ್ಕೆ ಮೂರು ಹೊತ್ತು ಅಂತಲಾ?" ಅಂತ ಅಣ್ಣ ಕೇಳಿದರು.

1937ರಲ್ಲೇ ನೆಲ್ಲೂರು ಜಿಲ್ಲೆಯಲ್ಲಿ ಈ ಮೂಳೆರೋಗವನ್ನು ಗುರುತಿಸಿ ಬರೆದಿದ್ದರು. ಕೇಂದ್ರ ಸರ್ಕಾರದ ಫ್ಲೋರೋಸಿಸ್ ತಡೆ ಕಾರ್ಯಕ್ರಮ ಬಂದದ್ದು 2008-09ರಲ್ಲಿ. ಎಪ್ಪತ್ತು ವರ್ಷ! ಅಷ್ಟರಲ್ಲಿ ಎಷ್ಟು ಬೆನ್ನು ಬಾಗಿದವೋ.

ಅಣ್ಣ ಇಲ್ಲಿಗೆ ಬರೋ ಮುಂಚೆ ಬೇಲೂರು ಕಡೆ ಇದ್ದರು. ಅಲ್ಲಿ ನೀರಿಗೆ ಬರವಿಲ್ಲ. ಕಾಫಿ ತೋಟದ ಲೈನುಮನೆಯ ಹೆಂಗಸರಿಗೆ ರಕ್ತವಿಲ್ಲ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಖಾಲಿ ಹೊಟ್ಟೆಗೆ ತೊಳಸುತ್ತೆ ಅಂತ ಎಸೀತಾರೆ. ಆಸ್ಪತ್ರೆಗೆ ಬಂದ ದಿನದ ಕೂಲಿಯೂ ಹೋಯ್ತು. ಅಲ್ಲೂ ಚೀಟಿಯ ಮೇಲೆ ಊಟ ಅಂತ ಬರೆಯೋ ಹಾಗಿಲ್ಲ.

2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಶಿಲಾಬಾಲಿಕೆಯ ಬಾಗಿದ ಸೊಂಟವನ್ನು ದೇಶದೇಶದವರು ಬಂದು ಕತ್ತೆತ್ತಿ ನೋಡ್ತಾರೆ. ನೋಡಲಿ, ಅದು ನಮ್ಮ ಸೀಮೆಯ ದುಡಿದ ಕೈಗಳ ಕೆಲಸ. ಅಲ್ಲಿಂದ ಬಸ್ಸು ಹತ್ತಿ ಅರಸೀಕೆರೆ ಕಡೆ ಬಂದರೆ ಬಾಗಿದ ಸೊಂಟಗಳು ಕೇರಿ ಜಗಲಿಯ ಮೇಲೆ ಕೂತಿವೆ. ಇವಕ್ಕೆ ಟಿಕೆಟ್ಟಿಲ್ಲ.

ಹೊಡೆಯುವ ಮಾತು ಅಂದೆನಲ್ಲ. ಹಿಂದೆ ಒಂದು ಊರಲ್ಲಿ ಹಾವು ಕಚ್ಚಿದ ಮುದುಕನನ್ನು ಹೊತ್ತು ಆಸ್ಪತ್ರೆಗೆ ಹೋದೆವು. ಹಾವಿನ ವಿಷಕ್ಕೆ ಕೊಡೋ ಔಷಧಿ ಇರಲಿಲ್ಲ. ಅಲ್ಲಿದ್ದದ್ದು ಕಡ್ಡಾಯ ಗ್ರಾಮಸೇವೆಗೆ ಬಂದ ಒಬ್ಬ ಡಾಕ್ಟರಮ್ಮ, ನಿಮ್ಮ ಅಕ್ಕನ ವಯಸ್ಸು. ಮೇಜು ಕೆಡವಿದೆವು, ಬಾಯಿಗೆ ಬಂದದ್ದು ಬೈದೆವು. ಗುಂಪಿನಲ್ಲಿ ನಾನೂ ಇದ್ದೆ. ಔಷಧಿ ತರಿಸಬೇಕಾದವರು ಯಾರು ಅಂತ ಒಬ್ಬನೂ ಕೇಳಲಿಲ್ಲ. ಆಕೆ ಅಳ್ತಾ ಅಳ್ತಾ ಮುದುಕನಿಗೆ ಬಾಟಲಿ ಏರಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗಿಳಿದು ನೀರು ಕುಡಿದರು. ನಮ್ಮ ಕೇರಿಗೆ ಈಗ ನಲ್ಲಿ ಬಂದಿದೆ. ಅದರಲ್ಲಿ ಏನು ಬರ್ತಿದೆ ಅಂತ ಕೇಳೋದು ಬಾಕಿ ಇದೆ. ಜನರ ಆರೋಗ್ಯ ಸರ್ಕಾರದ ಕರ್ತವ್ಯ ಅಂತ ಸಂವಿಧಾನದ 47ನೇ ವಿಧಿ ಹೇಳುತ್ತೆ. 2019ರ ಜಲಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ಕಿಟ್ಟು, ಊರಿಗೆ ಐದು ಜನ ಹೆಂಗಸರಿಗೆ ತರಬೇತಿ ಅಂತ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಪಂಚಾಯ್ತಿಗೆ ಹೋಗಿ 'ಕಿಟ್ಟು ಎಲ್ಲಿ, ಕಲಿತವರು ಯಾರು, ಪರೀಕ್ಷೆ ಮಾಡಿದ ಪುಸ್ತಕ ತೋರಿಸಿ' ಅನ್ನಿ. ಬರುವಾಗ ಎರಡು ಪ್ಲಾಸ್ಟಿಕ್ ಬಾಟಲಿ ನೀರು ತನ್ನಿ, ಕೇರಿ ಬೋರಿನದು ಒಂದು, ಊರೊಳಗಿನದು ಒಂದು. ಅದೇ ನೀರಲ್ಲಿ ಎರಡು ಸಲ ಬಾಟಲಿ ಗಲಬರಿಸಿ ತುಂಬಿ. ಊರು, ಜಾಗ, ತಾರೀಖು ಬರೆದು ಅಂಟಿಸಿ. ಎಲ್ಲ ಒಟ್ಟು ಮಾಡಿ ಹಾಸನದ ಪ್ರಯೋಗಾಲಯಕ್ಕೆ ಒಯ್ಯೋಣ, ಡಾಕ್ಟರಣ್ಣನೂ ಬರ್ತೀನಿ ಅಂದಿದ್ದಾರೆ.

ಹಿಂದಿನ ಬೆಂಚಿನವರು ಹೆಸರು ಬರೆಸಿ. ಈಗ ಪದ್ಯ ಓದ್ತೀನಿ.