ತಮಟೆ ಇಳಿಸೋಣ



‘ಇನ್ನು ಸಾವಿಗೆ ತಮಟೆ ಬಡಿಯೋಕೆ ಹೋಗಬ್ಯಾಡ’ ಅಂತ ಅಪ್ಪನಿಗೆ ಹೇಳಿ ಹಾಸ್ಟೆಲಿಗೆ ಬಂದವರು ನಾವು. ಮೊನ್ನೆ ಚೆನ್ನೈನ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡದ ಹಾಡು ಕೇಳಿದೆವು. 2018ರ ಜನವರಿಯಲ್ಲಿ ಮೊದಲು ವೇದಿಕೆ ಹತ್ತಿದ ತಂಡ ಅದು. ಸಾವಿನ ಮನೆಯ ಪರೈ, ಉತ್ತರ ಚೆನ್ನೈನ ಗಾನಾ ಅಲ್ಲಿ ಗಿಟಾರ್ ಪಕ್ಕ ತಲೆ ಎತ್ತಿ ನಿಂತಿವೆ. ಅದೇ ತಂಡದ ಅರಿವು 2019ರಲ್ಲಿ ತಂದ ‘ತೆರುಕ್ಕುರಳ್’ ಆಲ್ಬಮ್‌ನಲ್ಲಿ ಮಾತೇ ಏಟು. ಓಟ ಜಾಸ್ತಿ, ಅರೆಬರೆ ತಮಿಳಿನ ನಮಗೆ ಎರಡೆರಡು ಸಲ ಕೇಳಬೇಕಾಯ್ತು. ಸಿಟ್ಟು ಮಾತ್ರ ಮೊದಲ ಸಲಕ್ಕೇ ತಿಳೀತು.

ನಾವು ಬಿಡಬೇಕಾದ್ದು ಬಿಟ್ಟಿ ಚಾಕರಿಯನ್ನು, ತಾಳವನ್ನಲ್ಲ. ರಜೆಗೆ ಹೋದಾಗ ಗೋಡೆಯ ತಮಟೆ ಇಳಿಸೋಣ, ಬೆಂಕಿಗೆ ಕಾಯಿಸೋಣ. ‘ಕಲಿಸಪ್ಪಾ’ ಅಂತ ಕೇಳೋಣ. ನಮ್ಮ ಮಾತು ಕಟ್ಟಿ ಹಾಡೋಣ. ರೆಕಾರ್ಡು ಒರಟಾದರೆ ಆಗಲಿ.

ಜೈ ಭೀಮ್.